ಗುಂಯ್‌ಗುಡದ ರೆಕಾರ್ಡಿಂಗ್‌ಗೆ ಐದು ಪಿನ್ನಿನ ಮಿಡಿ ಪೆಟ್ಟಿಗೆ: ಕೀಬೋರ್ಡು, ತಂಬೂರಿ ಪೆಟ್ಟಿಗೆ, ಲ್ಯಾಪ್‌ಟಾಪ್ ಜೋಡಣೆ

ಸಂಗೀತದ ಕೀಬೋರ್ಡಿನ ಯುಎಸ್‌ಬಿ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ಹೆಡ್‌ಫೋನಿನಲ್ಲಿ ಸಣ್ಣಗೆ 'ಕೀಂ' ಅನ್ನುವ ಸದ್ದು ಶುರುವಾಗುತ್ತದೆ. ಮೌಸ್ ಅಲ್ಲಾಡಿಸಿದರೆ ಸದ್ದೂ ಅಲ್ಲಾಡುತ್ತದೆ. ಕೇಬಲ್ ಕಿತ್ತರೆ ಎಲ್ಲ ಶಾಂತ. ಮನೆಯಲ್ಲಿ ರೆಕಾರ್ಡಿಂಗ್ ಶುರು ಮಾಡಿದವರಲ್ಲಿ ಬಹಳ ಮಂದಿ ಇಲ್ಲಿಗೇ ಬಂದು ನಿಲ್ಲುತ್ತಾರೆ. ಆಮೇಲೆ ಡ್ರೈವರ್ ಬದಲಿಸುತ್ತಾರೆ, ಸಾಫ್ಟ್‌ವೇರ್ ಬದಲಿಸುತ್ತಾರೆ, ಕೊನೆಗೆ ವಾದ್ಯದ ಸದ್ದನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಆಡಿಯೊ ಇಂಟರ್‌ಫೇಸನ್ನೇ ಬದಲಿಸುತ್ತಾರೆ. ಸದ್ದು ಹೋಗುವುದಿಲ್ಲ, ಯಾಕೆಂದರೆ ಇವುಗಳಲ್ಲಿ ಯಾವುದೂ ಕೆಟ್ಟಿರುವುದಿಲ್ಲ.

ಕೀಬೋರ್ಡಿನ ಗ್ರೌಂಡು ಎರಡು ದಾರಿಯಿಂದ ಲ್ಯಾಪ್‌ಟಾಪನ್ನು ಮುಟ್ಟುತ್ತಿರುವುದೇ ತೊಂದರೆಯ ಮೂಲ. ಒಂದು ದಾರಿ ಯುಎಸ್‌ಬಿ ಕೇಬಲ್ಲಿನ ಗ್ರೌಂಡ್ ತಂತಿ. ಇನ್ನೊಂದು, ಆಡಿಯೊ ಕೇಬಲ್ಲಿನ ಶೀಲ್ಡ್ (ಹೊರಗಿನ ಜಾಲರಿ ತಂತಿ) ಹಿಡಿದು ಇಂಟರ್‌ಫೇಸಿಗೆ ಹೋಗಿ, ಅಲ್ಲಿಂದ ಅದರ ಯುಎಸ್‌ಬಿ ಮೂಲಕ ಮತ್ತೆ ಅದೇ ಲ್ಯಾಪ್‌ಟಾಪಿಗೆ. ಈ ಸುತ್ತಿನಲ್ಲಿ ಲ್ಯಾಪ್‌ಟಾಪಿನ ಒಳಗಿನ ಡಿಜಿಟಲ್ ಗಲಾಟೆಯೆಲ್ಲ ಸಣ್ಣ ಕರೆಂಟಾಗಿ ಹರಿಯುತ್ತದೆ. ಶೀಲ್ಡ್ ತಂತಿಗೂ ಒಂದಿಷ್ಟು ರೆಸಿಸ್ಟೆನ್ಸ್ ಇದ್ದೇ ಇರುವುದರಿಂದ ಅದರ ಉದ್ದಕ್ಕೂ ಮಿಲಿವೋಲ್ಟಿನ ಲೆಕ್ಕದಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಇಂಟರ್‌ಫೇಸು ಅದನ್ನೂ ಸಂಗೀತವೆಂದೇ ತಿಳಿದು ದೊಡ್ಡದು ಮಾಡಿ ಕೊಡುತ್ತದೆ.

ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು. ಎಡಿಯುಎಂ4160 ಥರದ ಚಿಪ್ ಇರುವ, ತಂತಿಯ ಸಂಬಂಧ ಕಡಿದು ಡೇಟಾ ಮಾತ್ರ ದಾಟಿಸುವ ಯುಎಸ್‌ಬಿ ಐಸೊಲೇಟರ್ ಸಿಗುತ್ತದೆ. ಅದರ ವೇಗ ಸೆಕೆಂಡಿಗೆ 12 ಮೆಗಾಬಿಟ್‌ಗೇ ಮುಗಿಯುತ್ತದೆ. ಕೀಬೋರ್ಡಿನ ಮಿಡಿಗೆ, ಅಂದರೆ ಯಾವ ಕೀಲಿ ಒತ್ತಿದಿರಿ ಅನ್ನುವ ಸಂಕೇತಗಳಿಗೆ, ಅಷ್ಟು ಧಾರಾಳ ಸಾಕು, 480 ಮೆಗಾಬಿಟ್ ಕೇಳುವ ಆಡಿಯೊ ಇಂಟರ್‌ಫೇಸಿಗೆ ಅದನ್ನು ಹಾಕಿದರೆ ಕೆಲಸ ಮಾಡುವುದಿಲ್ಲ. ಮಿಡಿಗೆ ಯುಎಸ್‌ಬಿ ಬಿಟ್ಟು ಬೇರೆ ಸಾಕೆಟ್ಟೇ ಇಲ್ಲದ ಹೊಸ ಸಣ್ಣ ಕೀಬೋರ್ಡುಗಳಿಗೆ ಇದೇ ಸುಲಭದ ದಾರಿ. ಹಿಂದುಗಡೆ ದುಂಡನೆಯ ಐದು ಪಿನ್ನಿನ ಮಿಡಿ ಸಾಕೆಟ್ ಇರುವ ಕೀಬೋರ್ಡಿಗೆ ಅದಕ್ಕಿಂತ ಒಳ್ಳೆಯ ದಾರಿ ಉಂಟು. 1983ರಲ್ಲಿ ಮಿಡಿ ರೂಪಿಸಿದವರು ಈ ಸಮಸ್ಯೆಯನ್ನು ಮೊದಲೇ ಕಂಡು, ಮಿಡಿ ಒಳಬರುವ ಕಡೆ ಆಪ್ಟೊಕಪ್ಲರ್ ಇರಲೇಬೇಕೆಂದು ನಿಯಮ ಮಾಡಿದರು. ಕೀಬೋರ್ಡು ಆ ಕಡೆ ಒಂದು ಎಲ್‌ಇಡಿ ಮಿನುಗಿಸುತ್ತದೆ, ಈ ಕಡೆ ಬೆಳಕು ಕಾಣುವ ಟ್ರಾನ್ಸಿಸ್ಟರು ಅದನ್ನು ಓದುತ್ತದೆ. ನಡುವೆ ತಂತಿಯ ಸಂಬಂಧವೇ ಇಲ್ಲ. ಸುತ್ತು ತಾನಾಗಿ ಕಡಿದಿರುತ್ತದೆ.

ಹಾಗಿದ್ದರೆ ಆನ್‌ಲೈನಿನಲ್ಲಿ ಸಿಗುವ ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್ ತಂದರಾಗದೇ? ಬಿಚ್ಚಿ ನೋಡಿದರೆ ಅವುಗಳಲ್ಲಿ ಕೆಲವಕ್ಕೆ ಆಪ್ಟೊ ಇರುವುದೇ ಇಲ್ಲ, ಎರಡು ರೆಸಿಸ್ಟರ್ ಹಾಕಿ ನೇರ ಚಿಪ್ಪಿಗೆ ಕೊಟ್ಟಿರುತ್ತಾರೆ. ಕೆಲವದರಲ್ಲಿ ಪವರ್ ಸಪ್ಲೈಗಳಿಗೆ ಬಳಸುವ ನಿಧಾನದ ಪಿಸಿ817 ಇರುತ್ತದೆ. ಒಂದೊಂದೇ ಸ್ವರ ನುಡಿಸುವಾಗ ಎಲ್ಲವೂ ಸರಿಯಾಗಿ ಕಾಣುತ್ತದೆ, ಕಾರ್ಡ್ ಹಿಡಿದಾಗ ಒಂದು ಸ್ವರ ನುಂಗಿಹೋಗುತ್ತದೆ, ಇಲ್ಲವೇ 'ನೋಟ್ ಆಫ್' ಕಳೆದುಹೋಗಿ ಸ್ವರ ಹಾಗೇ ಕೂಗುತ್ತಲೇ ಇರುತ್ತದೆ. ಅದಕ್ಕೇ ಮಿಡಿಯನ್ನು ಯುಎಸ್‌ಬಿಗೆ ದಾಟಿಸುವ ಪೆಟ್ಟಿಗೆಯನ್ನು ನಾವೇ ಕಟ್ಟುವುದು. ಖರ್ಚು ಹೆಚ್ಚಿಲ್ಲ.

ಮೊದಲು ಗೋಡೆಯ ಪ್ಲಗ್ ಪಾಯಿಂಟ್

ಸೋಲ್ಡರ್ ಕಾಯಿಸುವ ಮೊದಲು ಮನೆಯ ಅರ್ಥಿಂಗ್ ನೋಡಿ. ಮಲ್ಲೇಶ್ವರ, ಬಸವನಗುಡಿ ಕಡೆಯ ಹಳೆಯ ಮನೆಗಳಲ್ಲಿ ಮೂರು ತೂತಿನ ಪಾಯಿಂಟ್ ಇದ್ದರೂ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿರಬಹುದು. ಮಲ್ಟಿಮೀಟರನ್ನು ಎಸಿ 750 ವೋಲ್ಟಿಗೆ ಇಟ್ಟು ಅಳೆಯಿರಿ. ಫೇಸ್-ನ್ಯೂಟ್ರಲ್ ನಡುವೆ ಸುಮಾರು 230 ಬರಬೇಕು, ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬರಬಾರದು. ಫೇಸ್-ಅರ್ಥ್ ಓದು 100ರ ಆಸುಪಾಸಿನಲ್ಲಿ ಓಲಾಡುತ್ತಿದ್ದರೆ ಅರ್ಥಿಂಗ್ ಇಲ್ಲವೆಂದೇ ಲೆಕ್ಕ. ಅದನ್ನು ಸರಿಪಡಿಸುವುದು ಎಲೆಕ್ಟ್ರಿಷಿಯನ್ನರ ಕೆಲಸ, ನೀವು ಕೈಹಾಕಬೇಡಿ.

ಅರ್ಥಿಂಗ್ ಇಲ್ಲದ ಪಾಯಿಂಟಿಗೆ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಅದರ ಲೋಹದ ಮೈ ಮುಟ್ಟಿದಾಗ ಜುಮ್ ಅನ್ನುವುದು ಹಲವರಿಗೆ ಗೊತ್ತು. ಚಾರ್ಜರಿನ ಒಳಗೆ ಗದ್ದಲ ಸೋಸಲು ಇಟ್ಟ ಸಣ್ಣ ಕೆಪಾಸಿಟರುಗಳು ಮೈನ್ಸಿನಿಂದ ತುಸು ಕರೆಂಟನ್ನು ಹೊರಕ್ಕೆ ಸೋರಿಸುತ್ತವೆ. ಅದಕ್ಕೆ ಭೂಮಿಗೆ ಇಳಿಯಲು ತಂತಿ ಸಿಗದಿದ್ದಾಗ ನಿಮ್ಮ ಆಡಿಯೊ ಕೇಬಲ್ಲಿನ ಶೀಲ್ಡನ್ನೇ ದಾರಿ ಮಾಡಿಕೊಳ್ಳುತ್ತದೆ. ಆಗ ಬರುವುದು 'ಕೀಂ' ಅಲ್ಲ, 50 ಹರ್ಟ್ಸ್ ಮತ್ತು ಅದರ ಗುಣಕಗಳ 'ಗುಂಯ್'. ಯಾವುದು ಎಲ್ಲಿಂದ ಬಂತೆಂದು ತಿಳಿಯಲು ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ: ಗುಂಯ್ ನಿಂತರೆ ಚಾರ್ಜರ್ ಮತ್ತು ಅರ್ಥಿಂಗ್ ಕಾರಣ, ಕೀಂ ಹಾಗೇ ಉಳಿದರೆ ಯುಎಸ್‌ಬಿ ಸುತ್ತು ಕಾರಣ. ಎರಡೂ ಒಟ್ಟಿಗೆ ಇರುವುದೂ ಉಂಟು.

ಗುಂಯ್ ನಿಲ್ಲಲೆಂದು ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವವರಿದ್ದಾರೆ. ಸದ್ದು ನಿಲ್ಲಬಹುದು, ನಾಳೆ ಯಾವುದೋ ಅಡಾಪ್ಟರಿನ ಒಳಗೆ ಇನ್ಸುಲೇಶನ್ ಸುಟ್ಟರೆ ವೀಣೆಯ ತಂತಿಯಲ್ಲೇ 230 ವೋಲ್ಟ್ ಬಂದು ಕೂರುತ್ತದೆ. ಯಾವ ಕಾರಣಕ್ಕೂ ಮಾಡಬೇಡಿ.

ಕೀಬೋರ್ಡು, ಲ್ಯಾಪ್‌ಟಾಪು, ತಂಬೂರಿ ಪೆಟ್ಟಿಗೆ, ಸ್ಪೀಕರು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಎಲ್ಲ ಸೇರಿ 200 ವ್ಯಾಟ್ ಕೂಡ ಎಳೆಯುವುದಿಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿಕೊಂಡಾಗ ಸದ್ದು ಒರಟಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್. 150, 250, 350 ಹರ್ಟ್ಸ್ ಹೀಗೆ ಬೆಸ ಗುಣಕಗಳೆಲ್ಲ ತುಂಬಿರುವ ಆ ಸದ್ದನ್ನು ಯಾವ ಫಿಲ್ಟರೂ ಚೆನ್ನಾಗಿ ತೆಗೆಯಲಾರದು. ಅಷ್ಟು ಹೊತ್ತು ಬ್ಯಾಟರಿ ಮೇಲೆ ಕೆಲಸ ಮಾಡಿ, ಇಲ್ಲವೇ ಕಾಫಿ ಕುಡಿದು ಬನ್ನಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕೂಡ ಮಧ್ಯದ ವೇಗಗಳಲ್ಲಿ ಕರಕರ ಅನ್ನುತ್ತದೆ, ಪೂರ್ತಿ ವೇಗದಲ್ಲಿ ಅಥವಾ ಪೂರ್ತಿ ನಿಲ್ಲಿಸಿದಾಗ ಸುಮ್ಮನಿರುತ್ತದೆ.

ಎಸ್.ಪಿ. ರೋಡಿನ ಚೀಟಿ

ಟೌನ್ ಹಾಲ್ ಹತ್ತಿರ ಜೆ.ಸಿ. ರೋಡಿನಿಂದ ಒಳಗೆ ಹೋದರೆ ಎಸ್.ಪಿ. ರೋಡಿನಲ್ಲಿ ಎಲ್ಲವೂ ಸಿಗುತ್ತದೆ. ಬೇಕಾದದ್ದು: 5 ವೋಲ್ಟ್, 16 ಮೆಗಾಹರ್ಟ್ಸಿನ ಪ್ರೊ ಮೈಕ್ರೊ ಬೋರ್ಡ್ ಒಂದು (ಎಟಿಮೆಗಾ32ಯು4 ಚಿಪ್ಪಿನದು), 6ಎನ್138 ಆಪ್ಟೊಕಪ್ಲರ್ ಒಂದು, ಅದಕ್ಕೆ 8 ಕಾಲಿನ ಐಸಿ ಬೇಸ್, 1ಎನ್4148 ಡಯೋಡ್ ಒಂದು, ಕಾಲು ವ್ಯಾಟಿನ ರೆಸಿಸ್ಟರುಗಳಲ್ಲಿ 220 ಓಮ್ ಮೂರು, 470 ಓಮ್ ಒಂದು, 10 ಕೆ ಒಂದು, 104 ಸೆರಾಮಿಕ್ ಕೆಪಾಸಿಟರ್ ಒಂದು, ಐದು ಪಿನ್ನಿನ ಡಿನ್ ಹೆಣ್ಣು ಸಾಕೆಟ್ ಎರಡು, ಅಂಗೈಯಗಲದ ಡಾಟ್ ಬೋರ್ಡ್, ಪ್ಲಾಸ್ಟಿಕ್ ಡಬ್ಬಿ. 6ಎನ್138 ಎರಡು ತಂದಿಟ್ಟುಕೊಳ್ಳಿ, ಕಾಸು ಹೆಚ್ಚಿಲ್ಲ.

ಅಂಗಡಿಯಲ್ಲಿ ಮೂರು ಕಡೆ ಜಾಗ್ರತೆ. ಡಿನ್ ಸಾಕೆಟ್ ಕೇಳಿದರೆ ಪಿನ್ನುಗಳು 240 ಡಿಗ್ರಿ ಹರಡಿಕೊಂಡಿರುವುದನ್ನೂ ಕೊಡುತ್ತಾರೆ. ಮಿಡಿಗೆ ಬೇಕಾದದ್ದು ಅರ್ಧ ವೃತ್ತದಲ್ಲಿ, ಅಂದರೆ 180 ಡಿಗ್ರಿಯಲ್ಲಿ ಕೂತಿರುವ ಐದು. ಹಳೆಯ ಟೇಪ್‌ರೆಕಾರ್ಡರಿನ ಡಿನ್ ಕೇಬಲ್ಲನ್ನು ಮಿಡಿ ಕೇಬಲ್ಲೆಂದು ಕೊಟ್ಟರೆ ತಗೊಳ್ಳಬೇಡಿ, ಅದರೊಳಗೆ ಪಿನ್ನುಗಳು ಅದಲುಬದಲಾಗಿ ಜೋಡಿಸಿರಬಹುದು. ಬೀಪ್ ಮಾಡುವ ಮೀಟರ್ ಹಿಡಿದು 4ರಿಂದ 4ಕ್ಕೆ, 5ರಿಂದ 5ಕ್ಕೆ, 2ರಿಂದ 2ಕ್ಕೆ ಮಾತ್ರ ಸದ್ದು ಬರುವುದೇ ನೋಡಿ. ಮೂರನೆಯದು ಮೈಕ್ರೊ ಯುಎಸ್‌ಬಿ ಕೇಬಲ್: ಚಾರ್ಜಿಂಗಿಗೆ ಮಾತ್ರ ಆಗುವ ಕೇಬಲ್ಲಿನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ, ಬೋರ್ಡಿನ ದೀಪ ಉರಿದರೂ ಲ್ಯಾಪ್‌ಟಾಪಿಗೆ ಏನೂ ಕಾಣುವುದಿಲ್ಲ.

ಜೋಡಣೆ

ಡಿನ್ ಪಿನ್ನುಗಳ ಸಂಖ್ಯೆ ಸಾಲಾಗಿ 1, 2, 3 ಎಂದು ಬರುವುದಿಲ್ಲ. ಕಮಾನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎಣಿಸಿದರೆ 1, 4, 2, 5, 3. ನಡುವಿನದು 2, ಅದರ ಎರಡು ಪಕ್ಕಕ್ಕೆ 4 ಮತ್ತು 5. ಬೇಕಾದದ್ದು ಈ ಮೂರೇ. ಮುಂದಿನಿಂದ ನೋಡಿದಾಗ ಎಡಕ್ಕಿದ್ದ ಪಿನ್ ಹಿಂದಿನಿಂದ ಬೆಸೆಯುವಾಗ ಬಲಕ್ಕೆ ಬರುತ್ತದೆ, 4 ಮತ್ತು 5 ತಲೆಕೆಳಗಾಗುವುದು ಇಲ್ಲೇ. ಒಳ್ಳೆಯ ಸಾಕೆಟ್ಟುಗಳ ಮೇಲೆ ಸಂಖ್ಯೆಗಳನ್ನು ಸಣ್ಣದಾಗಿ ಅಚ್ಚು ಹಾಕಿರುತ್ತಾರೆ, ಬೆಳಕಿಗೆ ಹಿಡಿದು ನೋಡಿ.

ಒಳಬರುವ ಕಡೆ ಹೀಗೆ: ಸಾಕೆಟ್ಟಿನ 4ನೇ ಪಿನ್‌ನಿಂದ 220 ಓಮ್ ಮೂಲಕ 6ಎನ್138ರ 2ನೇ ಕಾಲಿಗೆ. 5ನೇ ಪಿನ್ ನೇರವಾಗಿ 3ನೇ ಕಾಲಿಗೆ. 2ನೇ ಮತ್ತು 3ನೇ ಕಾಲಿನ ನಡುವೆ ಡಯೋಡ್, ಅದರ ಕಪ್ಪು ಪಟ್ಟಿಯ ತುದಿ 2ನೇ ಕಾಲಿನ ಕಡೆ. ಯಾರಾದರೂ ಉಲ್ಟಾ ಕೇಬಲ್ ಚುಚ್ಚಿದರೂ ಒಳಗಿನ ಎಲ್‌ಇಡಿಯನ್ನು ಈ ಡಯೋಡು ಕಾಯುತ್ತದೆ. 8ನೇ ಕಾಲು 5 ವೋಲ್ಟಿಗೆ, 5ನೇ ಕಾಲು ಗ್ರೌಂಡಿಗೆ, ಇವೆರಡರ ನಡುವೆ ಐಸಿಗೆ ಅಂಟಿಕೊಂಡಂತೆ 104 ಕೆಪಾಸಿಟರ್. 6ನೇ ಕಾಲಿನಿಂದ ಪ್ರೊ ಮೈಕ್ರೊದ ಆರ್‌ಎಕ್ಸ್ ಪಿನ್ನಿಗೆ ತಂತಿ, ಅದೇ 6ನೇ ಕಾಲಿನಿಂದ 5 ವೋಲ್ಟಿಗೆ 470 ಓಮ್. 7ನೇ ಕಾಲಿನಿಂದ ಗ್ರೌಂಡಿಗೆ 10 ಕೆ. 1 ಮತ್ತು 4ನೇ ಕಾಲುಗಳಿಗೆ ಕೆಲಸವಿಲ್ಲ.

ಈ 470 ಓಮ್ ಮತ್ತು 10 ಕೆ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಕಟ್ಟಿದ ಪೆಟ್ಟಿಗೆ ಅರೆಬರೆ ಕೆಲಸ ಮಾಡುವುದು ಹೆಚ್ಚಾಗಿ ಇವುಗಳಿಂದ. ಮಿಡಿ ಸೆಕೆಂಡಿಗೆ 31,250 ಬಿಟ್ ಕಳಿಸುತ್ತದೆ, ಒಂದು ಬಿಟ್ಟಿಗೆ ಸಿಗುವುದು 32 ಮೈಕ್ರೊಸೆಕೆಂಡ್. 6ಎನ್138 ಬೆಳಕು ಕಂಡಾಗ ಬೇಗ ಎಚ್ಚರಾಗುತ್ತದೆ, ಬೆಳಕು ಹೋದಮೇಲೆ ಮಲಗಲು ತಡಮಾಡುತ್ತದೆ. ಅದರ ಒಳಗಿನ ಟ್ರಾನ್ಸಿಸ್ಟರಿನ ಬೇಸಿನಲ್ಲಿ ಉಳಿದ ಚಾರ್ಜು ಖಾಲಿಯಾಗಬೇಕಲ್ಲ. 7ನೇ ಕಾಲಿನ 10 ಕೆ ಆ ಚಾರ್ಜನ್ನು ಗ್ರೌಂಡಿಗೆ ಹರಿಸುತ್ತದೆ. 470 ಓಮ್ ಔಟ್‌ಪುಟ್ಟನ್ನು ಸರಕ್ಕನೆ ಮೇಲೆ ಎಳೆಯುತ್ತದೆ. ಆರ್ಡುಯಿನೊ ಚಿತ್ರಗಳಲ್ಲಿ 470 ಇರಬೇಕಾದ ಜಾಗದಲ್ಲಿ 10 ಕೆ ಹಾಕಿ, 7ನೇ ಕಾಲನ್ನು ಹಾಗೇ ಬಿಟ್ಟದ್ದು ಕಾಣಸಿಗುತ್ತದೆ. ಹಾಗೆ ಕಟ್ಟಿದರೆ ಬಿಟ್ಟುಗಳ ಅಂಚು ಸವೆದು ಒಂದು ಇನ್ನೊಂದರ ಮೇಲೆ ಹರಿಯುತ್ತದೆ. ಒಂಟಿ ಸ್ವರ ಸರಿ, ಪಿಚ್ ವೀಲ್ ತಿರುಗಿಸಿದರೆ ಅಸಂಬದ್ಧ.

3.3 ವೋಲ್ಟಿನ ಬೋರ್ಡ್ (ಪಿಕೊ ಥರದ್ದು) ಬಳಸುವುದಾದರೆ 6ಎನ್138 ಬೇಡ, ಅದಕ್ಕೆ 5 ವೋಲ್ಟೇ ಬೇಕು. ಎಚ್11ಎಲ್1 ತನ್ನಿ, ಅದು 3 ವೋಲ್ಟಿನಿಂದಲೇ ಓಡುತ್ತದೆ. ಆರೇ ಕಾಲು, ಜೋಡಣೆ ಬೇರೆ.

ಹೊರಹೋಗುವ ಕಡೆ ಸುಲಭ. 5 ವೋಲ್ಟಿನಿಂದ 220 ಓಮ್ ಮೂಲಕ ಸಾಕೆಟ್ಟಿನ 4ಕ್ಕೆ, ಟಿಎಕ್ಸ್ ಪಿನ್ನಿನಿಂದ 220 ಓಮ್ ಮೂಲಕ 5ಕ್ಕೆ, 2ನೇ ಪಿನ್ ಗ್ರೌಂಡಿಗೆ.

ಒಳಬರುವ ಸಾಕೆಟ್ಟಿನ 2ನೇ ಪಿನ್ನಿಗೆ ಮಾತ್ರ ಏನನ್ನೂ ಬೆಸೆಯಬೇಡಿ. ಸುಮ್ಮನಿದೆಯಲ್ಲ, ಗ್ರೌಂಡಿಗೆ ಕೊಡೋಣ ಅನ್ನಿಸುತ್ತದೆ. ಕೊಟ್ಟಿರೋ, ಕೇಬಲ್ಲಿನ ಶೀಲ್ಡ್ ಮೂಲಕ ಎರಡು ಗ್ರೌಂಡೂ ಸೇರಿ ಆಪ್ಟೊ ಹಾಕಿದ್ದೇ ದಂಡ. ಪ್ಲಾಸ್ಟಿಕ್ ಡಬ್ಬಿ ಹೇಳಿದ್ದೂ ಇದಕ್ಕೇ. ಲೋಹದ ಡಬ್ಬಿಯಾದರೆ ಎರಡು ಸಾಕೆಟ್ಟಿನ ಹೊರಮೈಗಳು ಡಬ್ಬಿಯ ಮೂಲಕವೇ ಕೈಕೈ ಹಿಡಿದುಕೊಳ್ಳುತ್ತವೆ.

ಬೆಸೆಯುವಾಗ 25 ವ್ಯಾಟಿನ ಐರನ್ ಸಾಕು. ಡಿನ್ ಸಾಕೆಟ್ಟಿನ ಒಳಗಿನ ಪ್ಲಾಸ್ಟಿಕ್ ಬೇಗ ಕರಗಿ ಪಿನ್ ಓರೆಯಾಗುತ್ತದೆ, ಆಮೇಲೆ ಕೇಬಲ್ ಕೂರುವುದಿಲ್ಲ. ಒಂದು ಮಿಡಿ ಕೇಬಲ್ಲನ್ನು ಸಾಕೆಟ್ಟಿಗೆ ಚುಚ್ಚಿಟ್ಟುಕೊಂಡೇ ಬೆಸೆದರೆ ಪಿನ್ನುಗಳು ನೆಟ್ಟಗೆ ನಿಲ್ಲುತ್ತವೆ, ಬಿಸಿಯೂ ಹಂಚಿಹೋಗುತ್ತದೆ.

ಐಸಿ ಕೂರಿಸುವ ಮೊದಲು ಪರೀಕ್ಷೆ: ಯುಎಸ್‌ಬಿ ಕೊಟ್ಟು ಬೇಸಿನ 8 ಮತ್ತು 5ರ ನಡುವೆ 5 ವೋಲ್ಟ್ ಬಂದಿದೆಯೇ ನೋಡಿ. ಐಸಿ ಹಾಕಿದಮೇಲೆ ಯಾವ ಕೀಲಿಯೂ ಒತ್ತದಿದ್ದಾಗ 6ನೇ ಕಾಲಿನಲ್ಲಿ ಸುಮಾರು 5 ವೋಲ್ಟ್ ನಿಂತಿರಬೇಕು. ಮಿಡಿಯಲ್ಲಿ ಸುಮ್ಮನಿರುವ ಸ್ಥಿತಿಯೆಂದರೆ ಕರೆಂಟ್ ಹರಿಯದ ಸ್ಥಿತಿ. ಸೊನ್ನೆ ತೋರಿಸಿದರೆ 6ನೇ ಕಾಲು ಎಲ್ಲೋ ಗ್ರೌಂಡಿಗೆ ತಗಲಿದೆ, ಇಲ್ಲವೇ 470 ಸರಿಯಾಗಿ ಬೆಸೆದುಕೊಂಡಿಲ್ಲ. ಕೀಬೋರ್ಡಿನ ಕಡೆ ಸಂಶಯ ಬಂದರೆ ಅದರ ಮಿಡಿ ಔಟ್ ಸಾಕೆಟ್ಟಿನ 4ಕ್ಕೆ ಒಂದು ಕೆಂಪು ಎಲ್‌ಇಡಿಯ ಉದ್ದ ಕಾಲು, 5ಕ್ಕೆ ಗಿಡ್ಡ ಕಾಲು ಚುಚ್ಚಿ ಕೀಲಿ ಒತ್ತಿ. ಮಂದವಾಗಿ ಮಿನುಗಿದರೆ ಕೀಬೋರ್ಡು ಸರಿ. ಕೀಬೋರ್ಡಿನ ಒಳಗೇ ರೆಸಿಸ್ಟರುಗಳು ಇರುವುದರಿಂದ ಎಲ್‌ಇಡಿ ಸುಡುವುದಿಲ್ಲ.

ಬೋರ್ಡಿಗೆ ಪ್ರೋಗ್ರಾಂ

ಆರ್ಡುಯಿನೊದಲ್ಲಿ ಎರಡು ಲೈಬ್ರರಿ ಸಾಕು, ಫಾರ್ಟಿಸೆವೆನ್ ಎಫೆಕ್ಟ್ಸ್‌ನ ಮಿಡಿ ಲೈಬ್ರರಿ ಮತ್ತು ಅದಕ್ಕೆ ಹೊಂದುವ ಯುಎಸ್‌ಬಿ-ಮಿಡಿ. ಸೀರಿಯಲ್ ಕಡೆಯಿಂದ ಓದಿದ್ದನ್ನು ಯುಎಸ್‌ಬಿಗೆ, ಯುಎಸ್‌ಬಿಯಿಂದ ಓದಿದ್ದನ್ನು ಸೀರಿಯಲ್ಲಿಗೆ ದಾಟಿಸುವ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಂ. ಎಟಿಮೆಗಾ32ಯು4 ತಾನೇ ಯುಎಸ್‌ಬಿ ಮಿಡಿ ಸಾಧನವಾಗಿ ಪರಿಚಯ ಹೇಳಿಕೊಳ್ಳುವುದರಿಂದ ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದಕ್ಕೂ ಬೇರೆ ಡ್ರೈವರ್ ಬೇಡ. 16 ಮೆಗಾಹರ್ಟ್ಸನ್ನು 512ರಿಂದ ಭಾಗಿಸಿದರೆ ಶೇಷವಿಲ್ಲದೆ 31,250 ಬರುತ್ತದೆ, ವೇಗದಲ್ಲಿ ಕೂದಲೆಳೆಯ ತಪ್ಪೂ ಇರುವುದಿಲ್ಲ.

ಎಡವುವ ಜಾಗಗಳು ಇವು. ಲೈಬ್ರರಿ ಶುರುಮಾಡುವಾಗ ಚಾನೆಲ್ ಹೇಳದಿದ್ದರೆ ಅದು 1ನೇ ಚಾನೆಲ್ ಮಾತ್ರ ಕೇಳುತ್ತದೆ, ಬಲಗೈ ಬರುತ್ತದೆ, ತಾಳ ಬರುವುದಿಲ್ಲ. ಆಮ್ನಿ (ಎಲ್ಲ ಚಾನೆಲ್) ಎಂದು ಕೊಡಿ. ಲೈಬ್ರರಿಯ 'ತ್ರೂ' ತಾನಾಗಿಯೇ ಆನ್ ಇರುತ್ತದೆ, ಕೀಬೋರ್ಡಿನಿಂದ ಬಂದದ್ದನ್ನು ಕೀಬೋರ್ಡಿಗೇ ಹಿಂದಿರುಗಿಸಿ ಪ್ರತಿ ಸ್ವರವೂ ಎರಡೆರಡು ಸಲ ನುಡಿಯುತ್ತದೆ. ಎರಡೂ ಕಡೆ ಆಫ್ ಮಾಡಿ. ಸಿಸ್ಟಂ ಎಕ್ಸ್‌ಕ್ಲೂಸಿವ್ ಸಂದೇಶಕ್ಕೆ ಇರುವ ಜಾಗ 128 ಬೈಟ್ ಮಾತ್ರ. ಕೀಬೋರ್ಡಿನ ಸೆಟ್ಟಿಂಗುಗಳನ್ನೆಲ್ಲ ಲ್ಯಾಪ್‌ಟಾಪಿಗೆ ತೆಗೆದಿಡುವ ಆಸೆಯಿದ್ದರೆ ಅದನ್ನು ಹಿಗ್ಗಿಸಬೇಕು. ಚಿಪ್ಪಿನ ರ‍್ಯಾಮ್ ಇರುವುದೇ ಎರಡೂವರೆ ಕಿಲೊಬೈಟ್, ಹಿಗ್ಗಿಸುವುದಕ್ಕೂ ಮಿತಿ ಉಂಟು. ಪ್ರೋಗ್ರಾಮಿನಲ್ಲಿ ಎಲ್ಲೂ 'ಡಿಲೇ' (ಕಾಯುವ ಆಜ್ಞೆ) ಇರಬಾರದು.

ಬೋರ್ಡ್ ಆರಿಸುವಾಗ 3.3 ವೋಲ್ಟ್, 8 ಮೆಗಾಹರ್ಟ್ಸ್ ಎಂದು ತಪ್ಪಾಗಿ ಕೊಟ್ಟು ಅಪ್‌ಲೋಡ್ ಮಾಡಿದರೆ ಲ್ಯಾಪ್‌ಟಾಪಿಗೆ ಬೋರ್ಡು ಕಾಣೆಯಾಗುತ್ತದೆ. ಸತ್ತಿಲ್ಲ, ಎಸೆಯಬೇಡಿ. ರೀಸೆಟ್ ಪಿನ್ನನ್ನು ಗ್ರೌಂಡಿಗೆ ಪಟಪಟನೆ ಎರಡು ಸಲ ತಗಲಿಸಿದರೆ ಬೂಟ್‌ಲೋಡರು ಸುಮಾರು 8 ಸೆಕೆಂಡ್ ಎಚ್ಚರವಿರುತ್ತದೆ. ಅಷ್ಟರಲ್ಲಿ ಸರಿಯಾದ ಬೋರ್ಡ್ ಆರಿಸಿ ಮತ್ತೆ ಅಪ್‌ಲೋಡ್ ಮಾಡಿ.

ಕೀಬೋರ್ಡಿನ ಒಳಗಿನ ಸೆಟ್ಟಿಂಗು

'ಲೋಕಲ್ ಕಂಟ್ರೋಲ್' ಆಫ್ ಮಾಡಿ. ಇಲ್ಲದಿದ್ದರೆ ಕೀಲಿ ಒತ್ತಿದಾಗ ಒಮ್ಮೆ, ರೆಕಾರ್ಡಿಂಗ್ ಸಾಫ್ಟ್‌ವೇರಿನಿಂದ ತಿರುಗಿ ಬಂದಾಗ ಇನ್ನೊಮ್ಮೆ ನುಡಿದು ಸ್ವರ ದಪ್ಪಗೆ, ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಹಲವು ಕೀಬೋರ್ಡುಗಳು ಆಫ್ ಮಾಡಿ ಆನ್ ಮಾಡಿದಾಗ ಲೋಕಲ್ಲನ್ನೂ ಆನ್ ಮಾಡಿಕೊಳ್ಳುತ್ತವೆ, ನೆನಪಿರಲಿ.

ಅರೇಂಜರ್ ಕೀಬೋರ್ಡಾದರೆ ಸ್ಟೈಲಿನ (ತಾನಾಗಿ ನುಡಿಯುವ ಪಕ್ಕವಾದ್ಯದ) ತಾಳ, ಬೇಸ್, ತಂತಿವಾದ್ಯ ಎಲ್ಲ ಬೇರೆಬೇರೆ ಚಾನೆಲ್ಲಿನಲ್ಲಿ ಹೊರಬರುತ್ತವೆ. ಬೇಕಿಲ್ಲದಿದ್ದರೆ ಸ್ಟೈಲಿನ ಟ್ರಾನ್ಸ್‌ಮಿಟ್ ನಿಲ್ಲಿಸಿ. ಮಿಡಿ ತಂತಿಯಲ್ಲಿ ಸೆಕೆಂಡಿಗೆ 3,125 ಬೈಟ್ ಮಾತ್ರ ಹೋಗುತ್ತದೆ, ಒಂದು ಸ್ವರದ ಆರಂಭಕ್ಕೆ ಮೂರು ಬೈಟ್, ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್. ಎಂಟು ಚಾನೆಲ್ ಸ್ಟೈಲಿನ ಜೊತೆ ಪಿಚ್ ವೀಲನ್ನೂ ಎಳೆದಾಡಿದರೆ ತಾಳದ ಪೆಟ್ಟು ತಡವರಿಸುವುದು ಕಿವಿಗೆ ಗೊತ್ತಾಗುತ್ತದೆ. 254ನೇ ಬೈಟ್ (ಆಕ್ಟಿವ್ ಸೆನ್ಸಿಂಗ್) ಬರುತ್ತಲೇ ಇರುತ್ತದೆ, ಅದನ್ನು ಪ್ರೋಗ್ರಾಮಿನಲ್ಲೇ ಸೋಸಿಬಿಡಬಹುದು. 248, ಅಂದರೆ ಕ್ಲಾಕ್, ಒಂದು ಮಾತ್ರೆಗೆ 24 ಬರುತ್ತದೆ. ಟೆಂಪೊ ಕೀಬೋರ್ಡಿನಿಂದಲೇ ಬೇಕಿದ್ದರೆ ಬಿಡಿ, ಇಲ್ಲವಾದರೆ ಅದನ್ನೂ ಸೋಸಿ.

ಶ್ರುತಿಗಾಗಿ ಟ್ರಾನ್ಸ್‌ಪೋಸ್ ಒತ್ತುವವರು ಇದೊಂದು ನೋಡಿಕೊಳ್ಳಿ. ಐದೂವರೆ ಮನೆ ಶ್ರುತಿಗೆ ಹಾಡುವವರ ಜೊತೆ ನುಡಿಸಲು −4 ಒತ್ತಿಟ್ಟು ಮಧ್ಯದ ಸಿ ಕೀಲಿಯನ್ನು ಒತ್ತಿದಾಗ, ಸಾಫ್ಟ್‌ವೇರಿನಲ್ಲಿ 60 ಬರುತ್ತದೋ 56 ಬರುತ್ತದೋ ಕಣ್ಣಿಟ್ಟು ನೋಡಿ. ಕೆಲವು ಕೀಬೋರ್ಡುಗಳು ಹೊರಗೆ ಕಳಿಸುವಾಗ ಒಮ್ಮೆ, ಒಳಗೆ ಬಂದದ್ದಕ್ಕೆ ಇನ್ನೊಮ್ಮೆ ನಾಲ್ಕು ಕಳೆಯುತ್ತವೆ; ಆಗ ರೆಕಾರ್ಡ್ ಮಾಡಿದ್ದನ್ನು ಮರಳಿ ನುಡಿಸಿದರೆ 52ರಲ್ಲಿ, ಒತ್ತಿದ ಕೀಲಿಗಿಂತ ಎಂಟು ಅರ್ಧಸ್ವರ ಕೆಳಗೆ ಕೇಳುತ್ತದೆ. ಮರಳಿ ನುಡಿಸುವ ಮೊದಲು ಟ್ರಾನ್ಸ್‌ಪೋಸನ್ನು ಸೊನ್ನೆಗೆ ತನ್ನಿ.

ಆಡಿಯೊ ಕೇಬಲ್ಲುಗಳು

ಮಿಡಿಯಲ್ಲಿ ಬರುವುದು ಯಾವ ಕೀಲಿ, ಎಷ್ಟು ಜೋರು ಅನ್ನುವ ಮಾಹಿತಿ ಮಾತ್ರ. ಸದ್ದು ಬೇಕಿದ್ದರೆ ಕೀಬೋರ್ಡಿನ ಎಡ, ಬಲ ಔಟ್‌ಪುಟ್ಟಿನಿಂದ ಎರಡು 6.35 ಮಿಲಿಮೀಟರ್ ಕೇಬಲ್ ಇಂಟರ್‌ಫೇಸಿನ ಲೈನ್ ಇನ್‌ಪುಟ್ಟಿಗೆ ಬೇಕು. ಕೀಬೋರ್ಡಿನ ಅಡಾಪ್ಟರು ಎರಡು ಪಿನ್ನಿನದಾಗಿದ್ದರೆ ಸಾದಾ ಮೋನೊ ಕೇಬಲ್ ಸಾಕು, ಶೀಲ್ಡ್ ಎರಡೂ ತುದಿಯಲ್ಲಿ ಜೋಡಿಸಿರಲಿ. ಮೂರು ಪಿನ್ನಿನದಾಗಿದ್ದು ಗುಂಯ್ ಬರುತ್ತಿದ್ದರೆ ಎರಡೆಳೆ ಇರುವ ಮೈಕ್ ಕೇಬಲ್ಲಿನಿಂದ ಹೊಸದು ಮಾಡಿ: ಇಂಟರ್‌ಫೇಸಿನ ತುದಿಗೆ ಸ್ಟೀರಿಯೊ ಪ್ಲಗ್, ಕೀಬೋರ್ಡಿನ ತುದಿಗೆ ಮೋನೊ ಪ್ಲಗ್. ಕೆಂಪೆಳೆ ಒಂದು ಪ್ಲಗ್ಗಿನ ಟಿಪ್‌ನಿಂದ (ಮೊನೆ) ಇನ್ನೊಂದರ ಟಿಪ್‌ಗೆ. ಕೀಬೋರ್ಡಿನ ಪ್ಲಗ್ಗಿನ ಸ್ಲೀವಿನಿಂದ (ಬುಡದ ಭಾಗ) ಕಪ್ಪೆಳೆ ಹೊರಟು ಇಂಟರ್‌ಫೇಸಿನ ಪ್ಲಗ್ಗಿನ ರಿಂಗಿಗೆ (ನಡುವಿನ ಉಂಗುರ). ಶೀಲ್ಡ್ ಇಂಟರ್‌ಫೇಸಿನ ತುದಿಯಲ್ಲಿ ಮಾತ್ರ, ಕೀಬೋರ್ಡಿನ ತುದಿಯಲ್ಲಿ ಕತ್ತರಿಸಿ ಇನ್ಸುಲೇಶನ್ ಕೊಳವೆ ಹಾಕಿ ಮುಚ್ಚಿಬಿಡಿ.

ತಂಬೂರಿ ಪೆಟ್ಟಿಗೆಯ ಕಥೆ ಬೇರೆ. ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್‌ನಂಥ ಕಂಪನಿಗಳಿಂದಾಗಿ ಎಲೆಕ್ಟ್ರಾನಿಕ್ ತಂಬೂರಿ, ತಾಳದ ಪೆಟ್ಟಿಗೆ ನಮ್ಮ ಕಡೆ ಪಾಠದ ಮನೆಗಳಲ್ಲೆಲ್ಲ ಇವೆ. ಪೆಟ್ಟಿಗೆಯಲ್ಲಿ ಲೈನ್ ಔಟ್ ಇದ್ದರೆ ಅದನ್ನೇ ಬಳಸಿ. ಇರುವುದು ಹೆಡ್‌ಫೋನ್ ಸಾಕೆಟ್ ಮಾತ್ರ ಆಗಿದ್ದರೆ ಎರಡು ಬದಿಯಲ್ಲೂ ಸ್ಟೀರಿಯೊ ಪ್ಲಗ್ ಇರುವ ಕೇಬಲ್ ಹಾಕುವ ತಪ್ಪು ಮಾಡಬೇಡಿ. ಇಂಟರ್‌ಫೇಸಿನ ಬ್ಯಾಲೆನ್ಸ್ಡ್ ಇನ್‌ಪುಟ್ ಟಿಪ್‌ನಲ್ಲಿ ಬಂದ ಸದ್ದಿನಿಂದ ರಿಂಗಿನಲ್ಲಿ ಬಂದದ್ದನ್ನು ಕಳೆಯುತ್ತದೆ. ತಂಬೂರಿ ಎಡಕ್ಕೂ ಬಲಕ್ಕೂ ಒಂದೇ ಆಗಿ ಬರುವುದರಿಂದ ಕಳೆದಮೇಲೆ ಉಳಿಯುವುದು ಬಹುತೇಕ ಏನೂ ಇಲ್ಲ. ಗೇನ್ ಎಷ್ಟೇ ಏರಿಸಿದರೂ ದೂರದ ಬಾವಿಯೊಳಗಿನ ಝೇಂಕಾರ ಮಾತ್ರ. ಹಾಗೆಂದು ಪೆಟ್ಟಿಗೆಯ ಕಡೆ ಮೋನೊ ಪ್ಲಗ್ ಹಾಕಿದರೆ ಬಲಗಡೆಯ ಆಂಪ್ಲಿಫೈಯರ್ ಔಟ್‌ಪುಟ್ ಗ್ರೌಂಡಿಗೆ ಶಾರ್ಟ್ ಆಗಿ ಬಿಸಿಯಾಗುತ್ತದೆ. ಸರಿಯಾದದ್ದು: ಪೆಟ್ಟಿಗೆಯ ಕಡೆ ಸ್ಟೀರಿಯೊ ಪ್ಲಗ್, ಅದರ ರಿಂಗಿಗೆ ಏನನ್ನೂ ಬೆಸೆಯದೆ ಬಿಡುವುದು, ಇಂಟರ್‌ಫೇಸಿನ ಕಡೆ ಮೋನೊ ಪ್ಲಗ್. ಪೆಟ್ಟಿಗೆಯ ವಾಲ್ಯೂಮ್ ಅರ್ಧಕ್ಕಿಂತ ತುಸು ಮೇಲಿಟ್ಟು ಇಂಟರ್‌ಫೇಸಿನ ಗೇನ್ ಇಳಿಸಿ, ಹೆಡ್‌ಫೋನ್ ಆಂಪ್ಲಿಫೈಯರಿನ ಸುಯ್ ಆಗ ಅಡಗುತ್ತದೆ.

ಪಿಕಪ್ ಇರುವ ವೀಣೆಯನ್ನು ಲೈನ್ ಇನ್‌ಪುಟ್ಟಿಗೆ ಹಾಕಿದರೆ ಮಂಕಾಗುತ್ತದೆ. 1 ಮೆಗಾಓಮಿನ ಇನ್‌ಸ್ಟ್ರುಮೆಂಟ್ ಬಟನ್ ಒತ್ತಿ.

ಮಟ್ಟ: 24 ಬಿಟ್, ಅತಿ ಜೋರಾದ ಪೆಟ್ಟು −12 ಡೆಸಿಬಲ್ ದಾಟದಿರಲಿ. ಅದಕ್ಕಿಂತ ಮೇಲೆ ತರಬೇಕಾದ ಕಾರಣವೇ ಇಲ್ಲ.

ಲ್ಯಾಪ್‌ಟಾಪಿನಲ್ಲಿ

ವಿಂಡೋಸಿನಲ್ಲಿ ಇಂಟರ್‌ಫೇಸ್ ತಯಾರಕರ ಏಸಿಯೊ ಡ್ರೈವರನ್ನೇ ಹಾಕಿ. 48 ಕಿಲೊಹರ್ಟ್ಸಿನಲ್ಲಿ 128 ಸ್ಯಾಂಪಲ್ ಬಫರ್ (ಸದ್ದನ್ನು ಕ್ಷಣಕಾಲ ಹಿಡಿದಿಡುವ ಜಾಗ) ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3, 512 ಅಂದರೆ 10.7. ಇದು ಒಂದು ಕಡೆಯ ಲೆಕ್ಕ; ಹೋಗಿಬರಲು ಎರಡರಷ್ಟು, ಮೇಲೆ ಕನ್ವರ್ಟರಿನ ಪಾಲು. ನುಡಿಸುವಾಗ 128, ಮಿಕ್ಸ್ ಮಾಡುವಾಗ 512. ಪಟಪಟ ಸಿಡಿಯುವ ಸದ್ದು ಬಂದರೆ ಬಫರ್ ಏರಿಸುವ ಮೊದಲು ವೈಫೈ ಆರಿಸಿ, ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸಿಗೆ ಹಾಕಿ ನೋಡಿ. ಮಿಡಿ ಪೋರ್ಟ್ 'ತೆರೆಯಲಾಗಲಿಲ್ಲ' ಎಂದರೆ ಬೇರೆ ಯಾವುದೋ ಸಾಫ್ಟ್‌ವೇರ್ ಅದನ್ನು ಹಿಡಿದುಕೊಂಡಿದೆ. ವಿಂಡೋಸಿನ ಹಳೆಯ ಮಿಡಿ ಪದ್ಧತಿಯಲ್ಲಿ ಸಾಮಾನ್ಯವಾಗಿ ಒಂದು ಪೋರ್ಟಿಗೆ ಒಬ್ಬರೇ ಯಜಮಾನರು.

ಮಿಡಿ ಮತ್ತು ಆಡಿಯೊ ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ. ತಪ್ಪಿದ ಸ್ವರವನ್ನು ಮಿಡಿಯಲ್ಲಿ ತಿದ್ದಿ, ಮರಳಿ ಕೀಬೋರ್ಡಿಗೇ ಕಳಿಸಿ, ಅದೇ ಕೀಬೋರ್ಡಿನ ಸದ್ದಿನಲ್ಲಿ ಮತ್ತೆ ಆಡಿಯೊ ತೆಗೆಯಬಹುದು. ಪೆಟ್ಟಿಗೆಗೆ ಔಟ್ ಸಾಕೆಟ್ ಹಾಕಿದ್ದು ಇದಕ್ಕಾಗಿಯೇ.

ಆದರೆ ಹಾಗೆ ತೆಗೆದದ್ದು ಮೊದಲಿನದಕ್ಕಿಂತ ತುಸು ಹಿಂದೆ ಬೀಳುತ್ತದೆ. ಅಳೆಯಲು ಇಂಟರ್‌ಫೇಸಿನ ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಒಂದು ಕೇಬಲ್ ಹಾಕಿ, ಟ್ರ್ಯಾಕಿನಲ್ಲಿ ಒಂದು ಕ್ಲಿಕ್ ಇಟ್ಟು ನುಡಿಸಿ ಇನ್ನೊಂದು ಟ್ರ್ಯಾಕಿನಲ್ಲಿ ಹಿಡಿಯಿರಿ. ಸ್ಪೀಕರ್ ಮೊದಲು ಆಫ್ ಮಾಡಿ, ಹಿಡಿಯುವ ಟ್ರ್ಯಾಕಿನ ಮಾನಿಟರಿಂಗೂ ಆಫ್. ಇಲ್ಲದಿದ್ದರೆ ಕೂಗು ಎದ್ದು ಕಿವಿ ಹೋಗುತ್ತದೆ. ಎರಡು ಕ್ಲಿಕ್ಕಿನ ನಡುವಿನ ಅಂತರವನ್ನು ಸ್ಯಾಂಪಲ್ಲಿನಲ್ಲಿ ಎಣಿಸಿ (48 ಸ್ಯಾಂಪಲ್ ಒಂದು ಮಿಲಿಸೆಕೆಂಡ್), ಸಾಫ್ಟ್‌ವೇರಿನ ರೆಕಾರ್ಡಿಂಗ್ ಆಫ್‌ಸೆಟ್ ಜಾಗದಲ್ಲಿ ಬರೆಯಿರಿ. ಬಫರ್ ಬದಲಿಸಿದರೆ ಮತ್ತೆ ಅಳೆಯಬೇಕು. ಇದಾದಮೇಲೂ ಕೀಬೋರ್ಡಿನ ಆಡಿಯೊ ಅದರ ಮಿಡಿಗಿಂತ ಕೆಲವು ಮಿಲಿಸೆಕೆಂಡ್ ತಡವಾಗಿರುತ್ತದೆ. ಅದು ಕೀಬೋರ್ಡು ಸ್ವರ ಹುಟ್ಟಿಸಲು ತಗೊಳ್ಳುವ ಸಮಯ, ಟ್ರ್ಯಾಕನ್ನು ಅಷ್ಟು ಎಡಕ್ಕೆ ಎಳೆದರಾಯಿತು.

ಶ್ರುತಿ ಸೇರಿಸುವುದು

ಕೀಬೋರ್ಡನ್ನು 440 ಹರ್ಟ್ಸಿನಲ್ಲೇ ಬಿಟ್ಟು ತಂಬೂರಿ ಪೆಟ್ಟಿಗೆಯ ಫೈನ್ ತಿರುವಿನಿಂದ ಅದನ್ನು ಕೀಬೋರ್ಡಿಗೆ ಸೇರಿಸಿ. ಒಂದೂವರೆ ಮನೆಯ ಷಡ್ಜ 138.6 ಹರ್ಟ್ಸ್. ಕೀಬೋರ್ಡಿನಲ್ಲಿ ಆರ್ಗನ್ನಿನಂಥ ನಿಂತ ಸ್ವರ ಹಿಡಿದು ಎರಡನ್ನೂ ಒಂದೇ ಕಿವಿಗೆ ಕೊಟ್ಟರೆ ಅಲೆ ಏಳುವುದು ಕೇಳುತ್ತದೆ. ಎರಡು ಸೆಕೆಂಡಿಗೊಂದು ಅಲೆ ಅಂದರೆ ಅರ್ಧ ಹರ್ಟ್ಸ್ ವ್ಯತ್ಯಾಸ, ಈ ಶ್ರುತಿಯಲ್ಲಿ ಸುಮಾರು 6 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್). ಅಲೆ ಹತ್ತು ಸೆಕೆಂಡಿಗೂ ಮೀರಿ ಹಿಗ್ಗುವವರೆಗೆ ತಿರುವಿ. ತಿರುವು ಇರುವ ಹಳೆಯ ಪೆಟ್ಟಿಗೆಗಳನ್ನು ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಆಮೇಲೆ ಸೇರಿಸಿ, ಬಿಸಿಯೇರುವಾಗ ಶ್ರುತಿ ಜಾರುತ್ತದೆ.

ಷಡ್ಜ ಸೇರಿದಮೇಲೂ ಅಂತರ ಗಾಂಧಾರ ಕಚ್ಚುತ್ತದೆ. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರ ಷಡ್ಜದಿಂದ 386 ಸೆಂಟಿನಲ್ಲಿದೆ, ಕೀಬೋರ್ಡಿನದು 400ರಲ್ಲಿ. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್, ಅದನ್ನು ಬಿಡಬಹುದು. ಮಾಯಾಮಾಳವಗೌಳದಂಥ ರಾಗದಲ್ಲಿ ಗಾಂಧಾರದ ಮೇಲೆ ನಿಂತಾಗ ಈ 14 ಸೆಂಟ್ ಚೆನ್ನಾಗಿಯೇ ಕೇಳುತ್ತದೆ. ಕೀಬೋರ್ಡಿನಲ್ಲಿ ಸ್ಕೇಲ್ ಟ್ಯೂನ್ ಇದ್ದರೆ ಆ ಸ್ವರವನ್ನು −14ಕ್ಕೆ ಇಳಿಸಿ. ಇಲ್ಲದಿದ್ದರೆ ರೆಕಾರ್ಡ್ ಆದ ಮಿಡಿಯಲ್ಲಿ ಗಾಂಧಾರ ಶುರುವಾಗುವ ಕೂದಲೆಳೆ ಮೊದಲು ಪಿಚ್ ಬೆಂಡನ್ನು −560ಕ್ಕೆ ಇಟ್ಟು, ಮುಗಿದಕೂಡಲೇ ಸೊನ್ನೆಗೆ ತನ್ನಿ. ಬೆಂಡಿನ ವ್ಯಾಪ್ತಿ ಎರಡು ಅರ್ಧಸ್ವರ ಇದ್ದಾಗಿನ ಲೆಕ್ಕ ಇದು: 8192 ಹೆಜ್ಜೆಗೆ 200 ಸೆಂಟ್, 14 ಅಂದದ್ದು ಸರಿಯಾಗಿ ಹೇಳಿದರೆ 13.7. ಬೆಂಡು ಇಡೀ ಚಾನೆಲ್ಲನ್ನು ಬಗ್ಗಿಸುವುದರಿಂದ ಒಂಟಿ ಸ್ವರದ ರಾಗಾಲಾಪಕ್ಕೆ ಮಾತ್ರ ಆಗುತ್ತದೆ. ಅದೇ ಚಾನೆಲ್ಲಿನಲ್ಲಿ ಎಡಗೈ ಷಡ್ಜ ಹಿಡಿದಿದ್ದರೆ ಅದೂ ಜೊತೆಗೇ ಇಳಿಯುತ್ತದೆ; ಎಡಗೈಯನ್ನು 2ನೇ ಚಾನೆಲ್ಲಿಗೆ ಬೇರ್ಪಡಿಸಿ.